ಗಾಜಿನ ಬೀರುವಿನ ಪಟಾಲಂ

ಮೈಮೇಲಿನ ಸಮವಸ್ತ್ರ ಇಳಿದ ಮೇಲೂ ಚೆಕಿಂಗ್ ಮಾವನ ಕಣ್ಣಿನಿಂದ ಡ್ಯೂಟಿ ಇಳಿಯಲಿಲ್ಲ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ನರೆತವರು ಅವರು. ಪ್ರಯಾಣಿಕ ಜೇಬು ತಡಕುವ ರೀತಿ ನೋಡಿಯೇ ಟಿಕೆಟ್ ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ನಿವೃತ್ತಿಯಾದ ಮೇಲೆ ಹಾಲಿನವನು ಹಾಲು ಅಳೆಯುವುದನ್ನೂ ಇಸ್ತ್ರಿಯವನು ಅಂಗಿ ಮಡಚುವುದನ್ನೂ ಅದೇ ಕಣ್ಣಿನಿಂದ ನೋಡತೊಡಗಿದರು. ಬೀದಿಯವರು ಇಟ್ಟ ಹೆಸರು ಹಾಗೇ ಉಳಿಯಿತು.

"ನಿಮಗೆ ಮೊಸರಲ್ಲಿ ಕಲ್ಲು ಸಿಗದೇ ಹೋದ್ರೆ, ಇದ್ದ ಕಲ್ಲನ್ನ ಯಾರೋ ಕದ್ದಿದ್ದಾರೆ ಅಂತೀರಿ," ಎಂದು ಹೆಂಡತಿ ಹೇಳುತ್ತಿದ್ದುದು ಸುಳ್ಳೇನಲ್ಲ.

ಇಂಥ ಮನುಷ್ಯ ಮನಸಾರೆ ಪ್ರೀತಿಸಿದ್ದು ನಡುಮನೆಯ ಗಾಜಿನ ಬೀರುವನ್ನು. ಅದರೊಳಗೆ ಅಂಗೈಯುದ್ದದ ಹಳೆಯ ಆಕ್ಷನ್ ಫಿಗರ್‌ಗಳು: ಸಿಪಾಯಿಗಳು, ಕುಸ್ತಿಪಟುಗಳು, ಗಗನಯಾತ್ರಿ, ಒಂದು ಕಿವಿ ಹೋದ ರೋಬೋ. ಕೈಕಾಲು ಮಡಚಿದಂತೆ ನಿಲ್ಲುವ ಈ ಸೈನ್ಯವನ್ನು ಯಾರಾದರೂ ಗೊಂಬೆ ಎಂದರೆ ಅವರಿಗೆ ಮೂಗಿನ ತುದಿಗೆ ಕೋಪ. ಹೆಂಡತಿ ಮಾತ್ರ "ನಿಮ್ಮ ಪಟಾಲಂ" ಎಂದು ಬಚಾವಾಗುತ್ತಿದ್ದಳು.

ಪಟಾಲಮ್ಮಿನ ಮೊದಲ ಆಳು ಸಮುದ್ರಕ್ಕಿಳಿಯುವ ಒಬ್ಬ ಮುಳುಗುಗಾರ. ಮಾವ ಸಣ್ಣವರಿದ್ದಾಗ ಅಂಥದೇ ಒಂದನ್ನು ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡುತ್ತಾ ನಿಂತಿದ್ದರಂತೆ. ಅಂಗಡಿಯವನು ಕಳ್ಳನನ್ನು ಅಟ್ಟುವಂತೆ ಅಟ್ಟಿದ್ದ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ಬಸ್ಸಿನ ಕೊನೆಯ ಸೀಟಿನಡಿ ಅದೇ ಮುಳುಗುಗಾರ ಸಿಕ್ಕಿದ. ಜೇಬಿಗಿಳಿಸಿದ್ದರೆ ಕೇಳುವವರಿರಲಿಲ್ಲ. ಆದರೆ ಅವರು ತಮ್ಮನ್ನೂ ನಂಬುವವರಲ್ಲ. ಡಿಪೋದಲ್ಲಿ ಕಳೆದುಹೋದ ಸಾಮಾನು ಇಡುವ ಕೋಣೆಗೆ ಒಪ್ಪಿಸಿದರು. ವಾರಸುದಾರರು ಬಂದರೇ ಎಂದು ಆಗಾಗ ಹೋಗಿ ವಿಚಾರಿಸಿದರು. ಯಾರೂ ಬರಲಿಲ್ಲ. ಕೊನೆಗೆ ಕೊಡೆ, ಊಟದ ಡಬ್ಬಿಗಳ ಜೊತೆ ಅದನ್ನೂ ಹರಾಜಿಗಿಟ್ಟಾಗ ಇವರೊಬ್ಬರೇ ಕೈ ಎತ್ತಿದರು.

"ಮಗೂಗಾ?" ಎಂದು ಹರಾಜು ಕೂಗುವವನು ಕೇಳಿದ.

"ಹೂಂ," ಎಂದರು. ಮಗ ಆಗಿನ್ನೂ ಹುಟ್ಟಿರಲಿಲ್ಲ.

ಆಮೇಲೆ ಡ್ಯೂಟಿ ಹೋದ ಊರೂರಿನ ಹಳೇ ಸಾಮಾನಿನ ಸಂತೆಗಳಲ್ಲಿ ಒಂದೊಂದಾಗಿ ಕೂಡಿದವು. ಬಿಡುವಿನ ಸಂಜೆ ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು, ಯಾವುದು ಎಲ್ಲಿ ಸಿಕ್ಕಿತು, ಮಾರುವವನು ಏನೇನು ಬುರುಡೆ ಬಿಟ್ಟ ಎಂದು ನೆನೆಯುತ್ತ ಕೂರುವುದೇ ಅವರ ಸುಖ.

ಮಗನಿಗೆ ಮದುವೆಯಾಗಿ ಸೊಸೆ ಮನೆಗೆ ಬಂದಳು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಸಂಜೆ ಬಂದರೆ ಮೈಯಿಂದ ಕ್ರೀಮಿನ ಪರಿಮಳ ಅವಳಿಗಿಂತ ಮೊದಲು ಒಳಗೆ ಬರುತ್ತಿತ್ತು. ಚುರುಕು ಹುಡುಗಿ, ಮಾತಿಗೆ ಮಾತು ಕೊಡುವವಳು. ಅವಳು ಬಂದು ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ಚೆಕಿಂಗ್ ಮಾವ ಕುಸ್ತಿಪಟುವನ್ನು ಎತ್ತಿಕೊಂಡರೆ ಬೆರಳಿಗೆ ಜಿಗುಟು ಅಂಟಿತು. ಮೂಸಿ ನೋಡಿದರು. ಎಂಥದೋ ಸಿಹಿವಾಸನೆ. ಮೇಲೆತ್ತಿ ನಿಲ್ಲಿಸಿದ್ದ ಅವನ ತೋಳು ಬೇರೆ ಇಳಿಬಿದ್ದಿತ್ತು.

ಎಣ್ಣೆಗೈಯವರು ಯಾರೋ ಮುಟ್ಟಿದ್ದಾರೆ. ಮನೆಯಲ್ಲಿ ಎಣ್ಣೆಗೈ ಯಾರದು? ಹೆಂಡತಿ ಮೂವತ್ತು ವರ್ಷದಿಂದ ಆ ಬೀರುವಿನ ತಂಟೆಗೆ ಹೋದವಳಲ್ಲ. ಮಗ ಎದ್ದು ಹೋದರೆ ಮರಳುವುದು ಊಟಕ್ಕೆ. ಉಳಿದವಳು ಒಬ್ಬಳೇ.

ಬಾಯಿ ಬಿಟ್ಟು ಹೇಳಲಿಲ್ಲ, ಸಾಕ್ಷಿ ಬೇಕಲ್ಲ. ಬೀರುವಿನ ಮುಂದೆ ನೆಲಕ್ಕೆ ತೆಳ್ಳಗೆ ಪೌಡರ್ ಉದುರಿಸಿಟ್ಟರು. ಅದರಲ್ಲಿ ಮೂಡಿದ್ದು ಹೆಂಡತಿಯ ಪೊರಕೆಯ ಗುರುತು. ಬಾಗಿಲ ಸಂದಿಗೆ ಕಾಗದದ ಪಟ್ಟಿ ಅಂಟಿಸಿ ಮೇಲೆ ಸಹಿ ಹಾಕಿದರು. ಸಹಿ ಇದ್ದ ಹಾಗೇ ಇತ್ತು, ಒಳಗೆ ಇನ್ನಿಬ್ಬರು ಸಿಪಾಯಿಗಳು ಜಿಗುಟಾಗಿದ್ದರು. ಕಳ್ಳಿ ಘಾಟಿ ಎಂದುಕೊಂಡರು. ಇನ್ನೊಂದು ಬೀಗ ತಂದರು. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಬಿಗಿಸಿದರು. ಜಿಗುಟು ಹೆಚ್ಚಿತೇ ಹೊರತು ನಿಲ್ಲಲಿಲ್ಲ.

ಕೊನೆಗೆ ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಾತು ಜಾರಿತು. "ಪಾರ್ಲರಿಂದ ಬಂದ್ಮೇಲೆ ಕೈ ತೊಳೀತೀಯೇನಮ್ಮಾ?"

ಸೊಸೆ ತುತ್ತನ್ನು ತಟ್ಟೆಗಿಳಿಸಿ ಅವರ ಮುಖ ನೋಡಿದಳು. "ಮಾವ, ನನ್ನ ಹತ್ರ ಟಿಕೆಟ್ ಕೇಳ್ತಿದೀರಾ?"

ಮಗ ನೀರು ಕುಡಿಯುತ್ತಲೇ ಉಳಿದ. ಮಾವ ಅಳುಕಲಿಲ್ಲ, ಜಿಗುಟಿನ ಕಥೆಯನ್ನೆಲ್ಲ ಬಿಚ್ಚಿಟ್ಟರು.

"ಪೌಡರ್ ಹಾಕಿದ್ದೂ ನೋಡಿದ್ದೆ, ಸಹಿ ಹಾಕಿದ್ದೂ ನೋಡಿದ್ದೆ," ಎಂದಳು ಸೊಸೆ. "ಸರಿ, ಒಂದನ್ನ ತೆಗೀರಿ. ಚೆನ್ನಾಗಿರೋದನ್ನ. ನಿಮ್ಮದೊಂದು ಬೀಗ, ನಂದೊಂದು ಬೀಗ. ಆಮೇಲೆ ನೋಡೋಣ."

ಗಗನಯಾತ್ರಿಯನ್ನು ಆರಿಸಿದರು. ಇಬ್ಬರೂ ಬಟ್ಟೆಯಿಂದ ಒರೆಸಿ, ಇಬ್ಬರೂ ಮುಟ್ಟಿ ನೋಡಿ, ತಗಡಿನ ಡಬ್ಬಿಗೆ ಹಾಕಿ ಎರಡು ಬೀಗ ಜಡಿದರು. ಡಬ್ಬಿ ಅತ್ತೆಯ ಟ್ರಂಕಿನ ಮೇಲೆ ಕೂತಿತು. "ನನ್ನ ಮದುವೆ ಒಡವೆಗೂ ಇಷ್ಟು ಕಾವಲಿರ್ಲಿಲ್ಲ," ಎಂದಳು ಅತ್ತೆ.

ಬಿಸಿಲುಗಾಲ ಕಳೆದ ಮೇಲೆ ಡಬ್ಬಿ ತೆರೆದರು. ಗಗನಯಾತ್ರಿಯ ಮೈಯೆಲ್ಲ ಜೇನು ಸವರಿದ ಹಾಗಿತ್ತು.

"ಈಗೇನಂತೀರಿ?" ಎಂದಳು ಸೊಸೆ. ದನಿಯಲ್ಲಿ ಗೆದ್ದ ಖುಷಿಯಿತ್ತು.

ಮಾವ ಅವಳ ಬೀಗವನ್ನು ಕನ್ನಡಕದ ಹತ್ತಿರ ಹಿಡಿದು, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಸೊಸೆಯ ಮುಖ ಸಣ್ಣದಾಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಮಗ ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆ, "ಅಪ್ಪಾ, ನಾವು ಬೇರೆ ಮನೆ ನೋಡ್ತಿದೀವಿ," ಎಂದ.

ಹೆಂಡತಿ ಅವತ್ತು ತಮಾಷೆ ಮಾಡಲಿಲ್ಲ. ಅದೇ ಅವರನ್ನು ಹೆದರಿಸಿದ್ದು.

ಗಗನಯಾತ್ರಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅದನ್ನು ಮಾರಿದ್ದ ಹಳೇ ಸಾಮಾನಿನವನ ಹತ್ತಿರ ಹೋದರು. ಅನುಮಾನ ಈಗ ಅವನತ್ತ ತಿರುಗಿತ್ತು. "ನಕಲಿ ಮಾಲು ದಾಟಿಸಿದೆಯಾ?"

ಅವನು ಮೂಸಿ ನೋಡಿ ನಕ್ಕ. "ಅಸಲಿ ಆಗಿರೋದಕ್ಕೇ ಹಿಂಗಾಗಿರೋದು ಸಾರ್. ಇದು ಅದರದೇ ಬೆವರು. ಪ್ಲಾಸ್ಟಿಕ್ ಮೆತ್ತಗಿರ್ಲಿ ಅಂತ ಎಣ್ಣೆ ಥರದ್ದೊಂದು ಬೆರೆಸಿರ್ತಾರೆ. ವಯಸ್ಸಾದ್ಮೇಲೆ ಆಚೆ ಬರುತ್ತೆ. ಒಳಗಿನ ರಬ್ಬರೂ ಸಡಿಲ ಆಗಿ ಕೈಕಾಲು ಬೀಳ್ತವೆ. ಎಲ್ಲಿಟ್ಟಿದೀರಾ?"

"ಬೀರುವಲ್ಲಿ. ಭದ್ರವಾಗಿ."

"ಗಾಳಿ ಆಡುತ್ತಾ?"

"ಸೂಜಿ ತೂರೋಕೂ ಜಾಗ ಇಲ್ಲ."

"ಹಂಗಾದ್ರೆ ನೀವೇ ಉಸಿರು ಕಟ್ಸಿದೀರಿ ಬಿಡಿ. ಬಿಗಿಯಾಗಿ ಮುಚ್ಚಿದಷ್ಟೂ ಬೆವರು ಮೈಮೇಲೇ ಕೂರುತ್ತೆ."

ಅನುಮಾನ ಅಷ್ಟು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. ಬೀದಿಯ ಆ ತುದಿಗೆ ಹೋಗಿ ಇನ್ನೊಬ್ಬ ವ್ಯಾಪಾರಿಯನ್ನೂ ಕೇಳಿದರು. ಅವನೂ ಅದನ್ನೇ ಹೇಳಿದ. ಮನೆಯ ಕಡೆ ನಡೆಯುವಾಗ ಕಾಗದದ ಪಟ್ಟಿ, ಎರಡನೇ ಬೀಗ, ರಬ್ಬರ್, ಒಂದೊಂದೂ ಕಣ್ಮುಂದೆ ಬಂತು. ಪ್ರೀತಿಸಿದ್ದನ್ನು ಕಾಯುತ್ತೇನೆಂದು ಹೋಗಿ ತಾವೇ ಹಾಳುಮಾಡಿದ್ದರು. ಆಪಾದನೆಯನ್ನು ಆ ಹುಡುಗಿಯ ತಲೆಗೆ ಕಟ್ಟಿದ್ದರು.

ಸೊಸೆ ಕೋಣೆಯಲ್ಲಿ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಅವರು ಹೊಸ್ತಿಲಾಚೆಯೇ ನಿಂತರು.

"ನಿನ್ನ ಕೈ ಅಲ್ಲ ಕಣಮ್ಮಾ."

"ಅದು ನಂಗೆ ಮೊದ್ಲೇ ಗೊತ್ತಿತ್ತಲ್ಲ."

"ತಪ್ಪಾಯ್ತು." ವ್ಯಾಪಾರಿ ಹೇಳಿದ್ದನ್ನು ತಡವರಿಸುತ್ತ ಹೇಳಿ ಮುಗಿಸಿದರು.

ಸೊಸೆ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನಾನೂ ಒಂದು ಹೇಳ್ಬೇಕು ಮಾವ. ನೀವೇ ಎಣ್ಣೆ ಹಚ್ಚಿ ನನ್ನ ಮೇಲೆ ತಪ್ಪು ಹಾಕ್ತಿದೀರಿ ಅಂದ್ಕೊಂಡಿದ್ದೆ. ನನ್ನನ್ನ ಆಚೆ ಕಳ್ಸೋಕೆ. ನೀವಿಲ್ಲದಾಗ ಡಬ್ಬಿ ಕೆಳಗಿಳಿಸಿ, ನಿಮ್ಮ ಬೀಗಾನ ನಾನೂ ತಿರುಗಿಸಿ ನೋಡಿದೀನಿ."

"ನಾನಾ? ನನ್ನ ಗೊಂಬೆಗೆ ನಾನೇ ಎಣ್ಣೆ ಹಚ್ಚೋದಾ?" ಎಂದುಬಿಟ್ಟರು ಮಾವ. ಆಡಬಾರದ ಶಬ್ದ ತಮ್ಮ ಬಾಯಿಂದಲೇ ಬಂದದ್ದು ಆಮೇಲೆ ಹೊಳೆಯಿತು. ತಮ್ಮನ್ನೂ ಒಬ್ಬರು ಕಳ್ಳನೆಂದು ಎಣಿಸಿ ಇಷ್ಟು ದಿನ ಬಡಿಸಿದರು, ಟೀ ಕೊಟ್ಟರು ಎಂಬುದು ಎದೆಗೆ ಮುಳ್ಳಿನಂತೆ ನಾಟಿತು. ಹೀಗೆ ನಾಟುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಚೆನ್ನಾಗಿ ಸಿಕ್ಕಿದೀರಿ ಕಣ್ರೀ, ಒಬ್ರಿಗೊಬ್ರು."

ಮುಂದಿನ ರಜೆಯ ದಿನ ಸೊಸೆ ತನ್ನ ಶಾಂಪೂ ತಂದಳು. ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಒಬ್ಬೊಬ್ಬನನ್ನೇ ತೊಳೆದು ಮಾವನ ಕೈಗೆ ಕೊಟ್ಟಳು. ಅವರು ಒರೆಸಿ ಹಳೇ ಪಂಚೆಯ ಮೇಲೆ ಸಾಲಾಗಿ ಮಲಗಿಸಿದರು. "ಇದೆಲ್ಲಿ ಸಿಕ್ತು?" ಎಂದು ಅವಳು ಕೇಳಿದ್ದಕ್ಕೆಲ್ಲ ಕಥೆ ಹೇಳಿದರು. ಮಗ ಸ್ಕ್ರೂಡ್ರೈವರ್ ಹಿಡಿದು ಬೀರುವಿನ ಬಾಗಿಲುಗಳನ್ನೇ ಕಳಚಿದ. ಬೇರೆ ಮನೆಯ ಮಾತು ನಿಂತಿತೋ ಮುಂದಕ್ಕೆ ಹೋಯಿತೋ, ಮಾವ ವಿಚಾರಿಸಲಿಲ್ಲ. ವಿಚಾರಿಸಿದರೆ ಅದೂ ತಪಾಸಣೆಯಂತೆ ಕೇಳಿಸೀತೆಂದು ಅಂಜಿಕೆ.

ಹುಟ್ಟುಗುಣ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಮೊನ್ನೆ ಕರೆಂಟ್ ಮೀಟರ್ ನೋಡಲು ಬಂದವನು ರೋಬೋವನ್ನು ಎತ್ತಿಕೊಂಡಾಗ ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದರು. ಅಷ್ಟರಲ್ಲಿ ಸೊಸೆ ಕೋಣೆಯಿಂದ ಕೂಗಿದಳು: "ಕಾಲು ಹಿಡ್ಕೊಂಡು ಎತ್ತಬೇಡಿ, ಸೊಂಟ ಹಿಡೀರಿ. ರಬ್ಬರ್ ಹಳೇದು!"

ಮಾವ ಮತ್ತೆ ಕೂತರು. ಮೀಟರಿನವನು ಹೋಗುವವರೆಗೂ ಅವನ ಜೇಬಿನ ಕಡೆ ನೋಡದಿರಲು ತುಂಬ ಕಷ್ಟಪಟ್ಟರು.