ಪೇಪರಿನ ಕೆಳಗೆ ಕಂಡ ಕಾಲು

ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಇರುವುದು ಎರಡು ಕೋಣೆ, ಒಂದು ಅಡುಗೆಮನೆ. ಸೊಸೆ ತನ್ನ ಕೋಣೆಯಿಂದ ಬಚ್ಚಲಿಗೆ ಹೋಗಬೇಕಾದರೆ ನನ್ನ ಕುರ್ಚಿಯ ಮುಂದೆಯೇ ಹಾಯಬೇಕು. ಬರುವ ಮೊದಲು ಅವಳು ಬಾಗಿಲ ಹಿಂದೆ ಬಳೆ ಸಪ್ಪಳ ಮಾಡುತ್ತಿದ್ದಳು, ನಾನು ಪೇಪರನ್ನು ಮುಖದ ಮುಂದೆ ಹಿಡಿಯುತ್ತಿದ್ದೆ. ನನ್ನ ತಂದೆಯೂ ನನ್ನ ಹೆಂಡತಿ ಹಾದುಹೋಗುವಾಗ ಮುಖ ತಿರುಗಿಸುತ್ತಿದ್ದರು. ಅದನ್ನೇ ಮರ್ಯಾದೆ ಎಂದು ತಿಳಿದು ಬೆಳೆದವನು ನಾನು.

ಸೊಸೆಗೆ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ತೆಗೆದಿದ್ದರು. ಮನೆಗೆ ಕಳಿಸುವ ದಿನ ನರ್ಸು, ದಿನಾಲು ಓಡಾಡಿಸಿರಿ, ನೀರು ಚೆನ್ನಾಗಿ ಕುಡಿಸಿರಿ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ತಲೆಯಾಡಿಸಿದ್ದು ನಾನೇ. ಮನೆಯಲ್ಲಿ ನಡೆದದ್ದು ನಮ್ಮ ಪದ್ಧತಿ: ಕಿವಿಗೆ ಅರಿವೆ, ಮುಚ್ಚಿದ ಕಿಟಕಿ, ಮಂಚದ ಹತ್ತಿರ ಶೇಗಡಿಯ ಕೆಂಡ, ಗುಟುಕು ಗುಟುಕಾಗಿ ಬಿಸಿನೀರು. ಸವಾ ತಿಂಗಳು, ಅಂದರೆ ನಲವತ್ತು ದಿನ, ಬಚ್ಚಲು ಬಿಟ್ಟು ಬೇರೆಡೆ ಕಾಲಿಡುವಂತಿಲ್ಲ. ಹೆಂಡತಿ ಒಮ್ಮೆ ನರ್ಸಿನ ಮಾತು ತೆಗೆದಳು.

"ನಮ್ಮವ್ವ ಐದು ಹಡದಾಳ. ಹಿಂಗ ಮಲಕೊಂಡ ಎದ್ದಾಳ," ಎಂದೆ. ಮಾತು ಅಲ್ಲಿಗೆ ಮುಗಿಯಿತು.

ಎರಡನೆಯ ವಾರದ ಸೋಮವಾರ ಬಳೆ ಸಪ್ಪಳವಾಯಿತು. ಪೇಪರ್ ಎತ್ತಿದೆ. ಅದರ ಕೆಳಗೆ ನನಗೆ ಕಾಣುತ್ತಿದ್ದದ್ದು ಅವಳ ಗೌನಿನ ಅಂಚು, ಎರಡು ಕಾಲು, ಬೆಳ್ಳಿಯ ಚೈನು, ಇಷ್ಟೇ. ಅಂದು ಬಲಗಾಲಿನ ಚೈನು ಎಂದಿನಂತೆ ಸಡಿಲವಾಗಿ ಜೋತಿತ್ತು, ಎಡಗಾಲಿನದು ಮಾಂಸದಲ್ಲಿ ಹೂತುಹೋಗಿತ್ತು. ಇಬ್ಬರ ಕಾಲುಗಳನ್ನು ಜೋಡಿಸಿದ ಹಾಗಿತ್ತು. ನನ್ನ ಕೈಯಲ್ಲಿದ್ದ ಪೇಪರ್ ತುಸು ಕೆಳಗಿಳಿಯಿತು. ಆ ಕಾಲುಗಳು ಒಂದು ಕ್ಷಣ ನಿಂತು ಮುಂದೆ ಹೋದವು.

ಅಡುಗೆಮನೆಯಲ್ಲಿ ಹೆಂಡತಿ ಬಾಣಂತಿಗೆಂದು ಅಂಟಿನುಂಡಿ ಕಟ್ಟುತ್ತಿದ್ದಳು. "ಆಕೀದು ಎಡಗಾಲು ಬಾತಂಗ ಕಾಣ್ತದಲ್ಲ," ಎಂದೆ.

"ಬಾಣಂತಿ ಮೈ ಅಂದಮ್ಯಾಲ ಬಾವು ಇರೂದರಿ," ಎಂದವಳು ತಿರುಗಿ ನೋಡಿ ನಕ್ಕಳು. "ಅಲ್ರೀ, ನೀವು ಪೇಪರ್ ಓದ್ತೀರೋ, ಸೊಸಿ ಕಾಲು ಓದ್ತೀರೋ? ಮುದುಕಗ ಕಣ್ಣು ಭಾಳ ಚುರುಕಾಗ್ಯಾವ."

ಅದು ಬರೀ ಚೇಷ್ಟೆ. ಮದುವೆಯಾದಾಗಿನಿಂದಲೂ ಅವಳ ಬಾಯಿ ಹಾಗೆಯೇ. ಆದರೆ ನನ್ನ ಕಿವಿ ಬಿಸಿಯಾಯಿತು. ಮರುದಿನದಿಂದ ಪೇಪರನ್ನು ಪೂರ್ತಿ ಬಿಚ್ಚಿ ಮುಖದಿಂದ ತೊಡೆಯ ತನಕ ಹಿಡಿದೆ, ಪಾದವೂ ಕಾಣದಂತೆ. ಕಣ್ಣು ಮುಚ್ಚಿಕೊಂಡೆ, ಕಿವಿ ಮುಚ್ಚಲಾಗಲಿಲ್ಲ. ಮಂಗಳವಾರ ಒಂದು ಹೆಜ್ಜೆ ತಡವಾಗಿ ಬೀಳುತ್ತಿತ್ತು. ಬುಧವಾರ ಅದನ್ನು ನೆಲದ ಮೇಲೆ ಎಳೆಯುವುದು ಕೇಳಿಸಿತು. ಎದ್ದು ಹೋಗೋಣವೆಂದರೆ ಅವಳಿಗೆ ಎದುರಾಗಬೇಕು, ಕೇಳೋಣವೆಂದರೆ ನೋಡಿದ್ದನ್ನು ಒಪ್ಪಿದಂತೆ. ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ, ಕಟ್ಟಿಹಾಕಿದವನ ಹಾಗೆ ಕೂತಿದ್ದೆ.

ಗುರುವಾರ ಬಳೆ ಸಪ್ಪಳವಾಯಿತು, ನಾಲ್ಕು ಹೆಜ್ಜೆ ಬಂದವು, ನಿಂತವು. ಪೇಪರಿನ ಆ ಬದಿಯಲ್ಲಿ ಮೆಟ್ಟಿಲು ಹತ್ತಿ ಬಂದವರ ಹಾಗೆ ಉಸಿರು. ಅವಳು ದಾಟಿ ಹೋಗಲಿ ಎಂದು ನಾನು ಕಾದೆ. ಅಷ್ಟು ಹೊತ್ತೂ ಕಾದೆ. ಗೋಡೆಗೆ ಕೈ ಜಾರಿದ ಸದ್ದಾದಾಗ ಪೇಪರ್ ಇಳಿಸಿದೆ. ಅವಳು ನೆಲದ ಮೇಲೆ ಕುಸಿದಿದ್ದಳು, ತುಟಿ ಕಪ್ಪಿಟ್ಟಿತ್ತು.

"ಎದಿ ಹಿಡದದರಿ ಮಾವಾರ. ಉಸಿರು ಸಾಲವಲ್ದು."

ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರಮ್ಮ. ಹೆರಿಗೆಯಾದ ವಾರಗಳಲ್ಲಿ ಹೀಗಾಗುವುದುಂಟಂತೆ, ಮಲಗಿಯೇ ಇದ್ದರೆ ಇನ್ನಷ್ಟು. ಒಂದೇ ಕಾಲು ಬಾತರೆ ಅದೇ ದಿನ ಓಡಿಬರಬೇಕಿತ್ತಂತೆ. ಯಾವಾಗಿನಿಂದ ಬಾತಿದೆ ಎಂದು ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. "ಆಜಚ," ಎಂದೆ, ಇವತ್ತೇ ಎಂದು. ಮಂಚದ ಮೇಲೆ ಆಕ್ಸಿಜನ್ ಹಾಕಿಕೊಂಡವಳ ಕಣ್ಣು ತೆರೆದೇ ಇತ್ತು.

ಮಗ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿದ್ದಾನೆ, ಅಲ್ಲೇ ಉಳಿದು ಭಾನುವಾರಕ್ಕೊಮ್ಮೆ ಬರುತ್ತಾನೆ. ಅಂದು ಸಂಜೆಯೇ ಬಂದ. "ಮಲಗಿಸಿ ಮಲಗಿಸಿ ಕೊಲ್ಲಾಕಿದ್ದೆಲ್ಲ ಅವ್ವಾ. ಕಾಲು ಬಾತದ್ದೂ ಕಾಣಲಿಲ್ಲೇನು?" ಎಂದು ತಾಯಿಯನ್ನು ಕೇಳಿದ.

"ನನ್ನ ತಪ್ಪಪಾ," ಎಂದಳು ಅವಳು. ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಸೊಸೆ ಉಳಿದಳು. ರಕ್ತ ತೆಳುವಾಗಿಸುವ ಔಷಧ, ಕಾಲಿಗೆ ಬಿಗಿಯಾದ ಕಾಲುಚೀಲ, ದಿನಾಲು ನಡೆಯಬೇಕೆಂಬ ಕಟ್ಟಪ್ಪಣೆಯೊಡನೆ ಮನೆಗೆ ಬಂದಳು. ನಡೆಯಲು ಇದ್ದದ್ದು ನನ್ನ ಕುರ್ಚಿಯ ಮುಂದಿನ ಜಾಗವೇ. ಒಂದು ದಿನ ನಡೆಯುತ್ತಿದ್ದವಳು ನಿಂತಳು.

"ಮಾವಾರ, ಆ ಸೋಮವಾರ ನೀವು ನೋಡಿದ್ದು ನನಗ ಗೊತ್ತಿತ್ತರಿ. ನಾ ಹೇಳಿದರ ನಡೀತಿರಲಿಲ್ಲ. ಅತ್ತಿಯವರಿಗೆ ನೀವು ಹೇಳತೀರಿ, ದವಾಖಾನಿಗೆ ಕರಕೊಂಡು ಹೋಗತಾರ ಅಂತ ದಾರಿ ನೋಡಿದೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಮತ್ತೆ ನಡೆಯತೊಡಗಿದಳು.

ಆ ಭಾನುವಾರ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ. "ಆಕೀ ಕಾಲು ಬಾತದ್ದು ಆ ಸೋಮವಾರನ ನಾ ನೋಡಿದ್ದೆ. ನಾಚಿಕಿ ಬಂದು ಸುಮ್ಮನಾದೆ. ಮಲಗಿಸರಿ ಅಂದಾಂವನೂ ನಾನ. ನಿಮ್ಮವ್ವ ಅಲ್ಲ." ಅವನು ತಾಯಿಯನ್ನು ಬಹಳ ಹೊತ್ತು ನೋಡಿ, ಅರ್ಧ ರೊಟ್ಟಿ ಬಿಟ್ಟು ಎದ್ದ.

ಈಗಲೂ ಬಳೆ ಸಪ್ಪಳ ಮಾಡಿಯೇ ಸೊಸೆ ಹೊರಬರುತ್ತಾಳೆ. ನಾನು ಪೇಪರ್ ಮಡಚಿಟ್ಟು, "ಕಾಲು ಹ್ಯಾಂಗದವ್ವಾ?" ಎನ್ನುತ್ತೇನೆ. "ಇಳದದರಿ," ಎನ್ನುತ್ತಾಳೆ. ಅಡುಗೆಮನೆಯಲ್ಲಿ ಹೆಂಡತಿಗೆ ಇದೆಲ್ಲ ಕೇಳಿಸುತ್ತದೆ. ಅವಳು ನನ್ನನ್ನು ಚೇಷ್ಟೆ ಮಾಡುವುದನ್ನು ಬಿಟ್ಟಿದ್ದಾಳೆ.