ಪಾರ್ಕಿನಲ್ಲಿ ಉಲ್ಟಾ ನಡೆದವಳು

ಬಸವೇಶ್ವರನಗರದ ಪಾರ್ಕಿನಲ್ಲಿ ನನಗೆ ಮೊದಲು ಕಂಡದ್ದು ಬರೀ ಬೆನ್ನುಗಳು. ಬೆಳಿಗ್ಗೆ ಆರಕ್ಕೆ ಐವತ್ತು ಜನ ಒಂದೇ ದಿಕ್ಕಿಗೆ ಸುತ್ತುತ್ತಿದ್ದರು, ದೇವರಿಲ್ಲದ ಗುಡಿಗೆ ಪ್ರದಕ್ಷಿಣೆ ಹಾಕಿದ ಹಾಗೆ. ಯಾರೂ ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ಗದಗದಿಂದ ಬಂದು ನಾಲ್ಕು ತಿಂಗಳಾಗಿತ್ತು. ನಮ್ಮ ಮನೆಯವರು ಎಂಟಕ್ಕೆ ಕೆಲಸಕ್ಕೆ ಹೋದರೆ ಉಳಿಯುವುದು ನಾನು, ಫ್ರಿಜ್ಜಿನ ಸದ್ದು. ನಿದ್ದೆ ಕೆಟ್ಟಿತು. ರೊಟ್ಟಿ ಬಡಿಯುವಾಗ ಸುಮ್ಮಸುಮ್ಮನೆ ಅಳು. ಹೀಗೇ ಆದರೆ ನನ್ನನ್ನು ಊರಿಗೆ ಬಿಟ್ಟುಬರುತ್ತೇನೆ ಅಂದರು ಅವರು. ಅವರನ್ನು ಬಿಟ್ಟಿರಲು ನನಗೆ ಮನಸ್ಸಿರಲಿಲ್ಲ.

ಡಾಕ್ಟರಮ್ಮ ಎಲ್ಲ ಕೇಳಿ, "ದಿನಾ ಅರ್ಧ ಗಂಟೆ ನಡೀರಿ. ಒಬ್ಬರ ಹತ್ರ ಆದ್ರೂ ಮನಸ್ಸು ಬಿಚ್ಚಿ ಮಾತಾಡಿ" ಅಂದರು. ಅಯ್ಯ, ಇದೂ ಒಂದು ಔಷಧವೇ? ಊರಲ್ಲಾದರೆ ನಮ್ಮ ಓಣಿಯಲ್ಲಿ, ಇಲ್ಲಿನವರು ಕ್ರಾಸ್ ಅನ್ನುತ್ತಾರಲ್ಲ, ಹಾಲು ತರಲು ಹೋದರೆ ಎರಡೂ ಆಗುತ್ತಿತ್ತು.

ಬೆನ್ನಿನ ಜೊತೆ ಏನು ಮಾತಾಡಲಿ? ಮರುದಿನ ಎದುರು ದಿಕ್ಕಿನಿಂದ ಹೊರಟೆ. ಮುಖಗಳು ಬಂದವು. "ಚಹಾ ಆತೇನ್ರೀ?" ಅಂದೆ. ಒಬ್ಬರು ಕಿವಿಯ ವೈರು ತೆಗೆದು, ಗುರುತು ಸಿಗದೆ ಮತ್ತೆ ಸಿಕ್ಕಿಸಿಕೊಂಡರು. ಮೂರನೇ ಸುತ್ತಿಗೆ ಬಿಳಿ ಟೋಪಿಯ ಹಿರಿಯರೊಬ್ಬರು ಅಡ್ಡ ನಿಂತರು. ನಿವೃತ್ತ ಮೇಷ್ಟ್ರು ಅಂತ ಆಮೇಲೆ ಗೊತ್ತಾಯಿತು.

"ಏನಮ್ಮಾ, ಬೋರ್ಡ್ ನೋಡ್ಲಿಲ್ವಾ? ಎಲ್ರೂ ಹಿಂಗೆ, ನೀವೊಬ್ರೇ ಉಲ್ಟಾ!"

"ಮಂದಿ ಮುಖಾ ನೋಡೂನು ಅಂತ ಬಂದೇನ್ರಿ" ಅಂದವಳಿಗೆ ಅಲ್ಲೇ ಅಳು ನುಗ್ಗಿತು. ಥೂ, ನನ್ನ ಮೇಲೇ ಸಿಟ್ಟು ಬಂತು.

ಮೇಷ್ಟ್ರು ಗಾಬರಿಯಾದರು. "ಅಯ್ಯಯ್ಯೋ, ಅಳ್ಬೇಡಿ. ನನ್ನ ಪಕ್ಕ ನಡೀರಿ. ತಿರುಗಿದ್ರೆ ಮುಖ ಕಾಣತ್ತಲ್ಲ!"

ಆ ಅರ್ಧ ಗಂಟೆ ಏನೇನು ಹೇಳಿಕೊಂಡೆನೋ. ಅಂದು ಐದು ಗಂಟೆ ನಿದ್ದೆ ಬಂತು. ನಡೆದದ್ದಕ್ಕೋ, ಮಾತಾಡಿದ್ದಕ್ಕೋ, ಇವತ್ತಿಗೂ ತಿಳಿದಿಲ್ಲ. ಆಮೇಲೆ ದಿನಾ ಹೋದೆ. ಊರಿಗೆ ಬಿಡುವ ಮಾತು ಮನೆಯಲ್ಲಿ ತಾನಾಗಿ ನಿಂತಿತು.

ಮೊನ್ನೆ ಪಂಚಮಿ ಹಬ್ಬಕ್ಕೆ ಗದಗಕ್ಕೆ ಹೋದಾಗಲೂ ಆರಕ್ಕೆ ಎಚ್ಚರವಾಗಿ ನಡೆಯಲು ಹೊರಟೆ. ಓಣಿಯ ತುದಿ ಮುಟ್ಟುವುದರೊಳಗೆ ಹತ್ತು ಜನ ತಡೆದರು.

"ಎಲ್ಲಿಗ್ ಹೊಂಟೀಯವಾ?"

"ಎಲ್ಲಿಗೂ ಇಲ್ಲಬೇ, ಸುಮ್ನ."

"ಸುಮ್ನ ಯಾರರ ಅಡ್ಡಾಡ್ತಾರೇನ? ಗಂಡನ ಕೂಡ ಜಗಳಾ ಆತೇನ?" ಅಂದಳು ಅವ್ವನ ಗೆಳತಿ.

ಎಷ್ಟೊಂದು ಮುಖಗಳು! ಅತ್ತು ಬೇಡಿದ್ದು ಇವನ್ನೇ ತಾನೇ? ಆದರೆ ನನಗೆ ಆ ಹೊತ್ತಿಗೆ ಏನೂ ಕೇಳದ ಐವತ್ತು ಬೆನ್ನುಗಳು ಬೇಕೆನಿಸಿದವು. ಅಲ್ಲಿ ಮೇಷ್ಟ್ರು ಗೇಟಿನ ಹತ್ತಿರ ನನ್ನ ದಾರಿ ನೋಡುತ್ತಿರಬಹುದು. ಇಲ್ಲಿ ಎದುರಿನಿಂದ ಮತ್ತೊಬ್ಬಾಕೆ ನಗುತ್ತ ಬರುತ್ತಿದ್ದಳು. ಯಾವ ಕಡೆ ತಿರುಗಿದರೆ ಉಲ್ಟಾ ಆಗುವುದಿಲ್ಲವೋ ತಿಳಿಯದೆ ನಡುಓಣಿಯಲ್ಲಿ ನಿಂತುಬಿಟ್ಟೆ.