ಬಾಯಿ ತೆರೆದ ಸೂರಕ್ಕಿ

ಬನಶಂಕರಿಯ ಬಾಡಿಗೆ ಮನೆಯಲ್ಲಿ ಮೊದಲ ಬೆಳಗ್ಗೆ ನನ್ನನ್ನು ಬೆಚ್ಚಿಸಿದ್ದು ಮೌನ. ನೀವು ನಗಬಹುದು. ಬಸ್ಸಿನ ಹಾರ್ನ್, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಲಾರಿ, ಸೊಪ್ಪು ಮಾರುವಾಕೆಯ ಕೂಗು, ಎಲ್ಲ ಇತ್ತು. ಆದರೆ ಕಿಟಕಿಗೆ ತಾಗಿದ ಗಸಗಸೆ ಹಣ್ಣಿನ ಮರದಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದವು. ಒಂದೂ ದನಿ ಎತ್ತುತ್ತಿರಲಿಲ್ಲ. ಟೀವಿಯ ಸದ್ದು ಅಡಗಿಸಿ ಚಿತ್ರ ಮಾತ್ರ ಬಿಟ್ಟ ಹಾಗೆ.

ಬಳ್ಳಾರಿಯ ನಮ್ಮ ಹಿತ್ತಲು ಹೀಗಿರಲಿಲ್ಲ. ದಾಸವಾಳದ ಹೂವಿಗೆ ಬರುವ ಸೂರಕ್ಕಿ, ಬಾಗಿದ ಕೊಕ್ಕಿನ ಆ ನೀಲಿಗಪ್ಪು ಹಕ್ಕಿ, ಬಿಸಿಲೇರುವವರೆಗೂ ಒಂದೇ ಸಮನೆ ಚೀರುತ್ತಿತ್ತು. “ಇಲ್ಲಿಯ ಹಕ್ಕಿಗಳೂ ಇಲ್ಲಿಯ ಜನರ ಹಾಗೆಯೇ. ಗುರುತಿಲ್ಲದವರ ಮುಂದೆ ಬಾಯಿ ಬಿಡಲ್ಲ” ಎಂದು ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇರುವ ನನ್ನಕ್ಕನಿಗೆ ಫೋನಿನಲ್ಲಿ ಹೇಳಿದೆ. “ಹಂಗಾದ್ರೆ ಅಲ್ಲೇನು ಮಾಡ್ತೀಯ? ಬಂದುಬಿಡು” ಎಂದಳು ಅಕ್ಕ.

ಅದೇ ನನ್ನ ಹಟವೂ ಆಯಿತು. ವರ್ಗವಾಗಿ ನಮ್ಮನ್ನು ಇಲ್ಲಿಗೆ ಕರೆತಂದ ನನ್ನ ಯಜಮಾನರು ಬರುವ ಬೇಸಿಗೆಯಲ್ಲಿ ನಿವೃತ್ತರಾಗುತ್ತಾರೆ. ಅವರಿಗೆ ಬೆಂಗಳೂರಿನ ತಂಪು ಹಿಡಿಸಿದೆ. ಆದರೂ ಇಲ್ಲೇ ಇರುವುದೋ ಮರಳುವುದೋ, ತೀರ್ಮಾನ ನಿನ್ನದು ಎಂದಿದ್ದರು. ಮರಳುವುದೇ ಎಂದಿದ್ದೆ. ಕಾರಣ ಕೇಳಿದವರಿಗೆಲ್ಲ ಆ ಮೂಕ ಮರವನ್ನು ತೋರಿಸುತ್ತಿದ್ದೆ.

ಹಾಗೆ ತೋರಿಸಿದ್ದು ಮೇಲಿನ ಮನೆಯ ಶುಭಾಳಿಗೂ. ಅವಳು ರಜೆ ಬಂತೆಂದರೆ ಕ್ಯಾಮರಾ ಹೊತ್ತು ಹಕ್ಕಿ ನೋಡಲು ಹೊರಡುವ ಹುಡುಗಿ. “ಆಂಟಿ, ಒಂದು ಮರ ನೋಡಿ ಊರಿಗೆಲ್ಲ ಮಾರ್ಕ್ಸ್ ಕೊಡ್ತೀರಾ? ಭಾನುವಾರ ತಲಘಟ್ಟಪುರದ ಕಡೆ ಕೆರೆಗೆ ಹೋಗ್ತಿದೀವಿ. ಬನ್ನಿ” ಎಂದಳು. ಬೀರುವಿನಲ್ಲಿ ಮಲಗಿದ್ದ ಯಜಮಾನರ ಕ್ಯಾಮರಾ ತೆಗೆದುಕೊಂಡು ಹೊರಟೆ.

ಕೆರೆ ಏರಿಯ ಮೇಲೆ ಶುಭಾ ಪಿಸುಗುಟ್ಟಿದಳು: “ಆಂಟಿ, ಹನ್ನೊಂದು ಗಂಟೆಗೆ ನೋಡಿ.”

ನಾನು ವಾಚು ನೋಡಿದೆ. “ಅಷ್ಟು ಹೊತ್ತು ಕಾಯಬೇಕಾ?”

ಗುಂಪಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಕ್ಕಿ ನೋಡುವವರಿಗೆ ಮರವೇ ಗಡಿಯಾರವಂತೆ. ತುದಿ ಹನ್ನೆರಡು, ಅದರ ಎಡಕ್ಕೆ ಚೂರು ಕೆಳಗೆ ಹನ್ನೊಂದು. ಅಲ್ಲಿ ಕೆಂಬೂತ ಕೂತಿತ್ತು. ನಮ್ಮಲ್ಲಾದರೆ “ಅಗಾ ಅಲ್ಲಿ!” ಎಂದು ಕೂಗಿ ಕೈ ಚಾಚುತ್ತಿದ್ದೆವು, ಹಕ್ಕಿ ಹಾರಿಹೋಗುತ್ತಿತ್ತು.

ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಅಂಗಡಿಯಲ್ಲಿ ಮಂಡಾಳು ಎನ್ನದೆ ಕಡ್ಲೆಪುರಿ ಎಂದು ಕೇಳಲು ಕಲಿತೆ. ಅದನ್ನು ನೆನೆಸಿ, ಹಿಂಡಿ, ನಮ್ಮ ಬಳ್ಳಾರಿಯ ಒಗ್ಗಾಣಿ ಮಾಡಿ ಕೆರೆ ಏರಿಗೆ ಒಯ್ದರೆ ಡಬ್ಬಿ ಖಾಲಿಯಾಗಿ ಮರಳುತ್ತಿತ್ತು. ಮಿಕ್ಕವರು ದೊಡ್ಡ ಹದ್ದು, ಬಣ್ಣದ ಕೊಕ್ಕರೆಯ ಹಿಂದೆ ಬಿದ್ದರೆ ನನ್ನ ಕಣ್ಣು ಪೊದೆಯೊಳಗಿನ ಚಿಕ್ಕವುಗಳ ಮೇಲೆ. ಕಸೂತಿ ಹಾಕುವಾಗ ಕೂರುವಂತೆ ಅಲ್ಲಾಡದೆ ಕೂರುವುದು ನನಗೆ ಕಷ್ಟವೇನಲ್ಲ.

ಹಾಗೆ ಕೂತಿದ್ದ ಒಂದು ಬೆಳಗ್ಗೆ ಲಂಟಾನಾ ಪೊದೆಯ ಮೇಲೆ ಸೂರಕ್ಕಿ ಬಂತು. ಕೈಯಳತೆಯ ದೂರ. ಒಂದಾದ ಮೇಲೊಂದು ಫೋಟೋ ತೆಗೆದೆ. ತಿಂಡಿಗೆ ಕೂತಾಗ ಶುಭಾ ಅದನ್ನು ದೊಡ್ಡದು ಮಾಡಿ ನೋಡಿದಳು.

“ಸಖತ್ ಆಂಟಿ! ಕೊಕ್ಕು ಪೂರ್ತಿ ತೆರೆದಿದೆ, ನಾಲಿಗೆ ಕೂಡ ಕಾಣ್ತಿದೆ. ಎಷ್ಟು ಕಿರುಚ್ತಿತ್ತು ಅಲ್ವಾ?”

“ಯಾವಾಗ?”

“ನೀವು ತೆಗೀತಿದ್ರಲ್ಲ, ಆವಾಗ್ಲೇ.”

“ಇಲ್ಲಮ್ಮಾ. ಅದು ತೆಪ್ಪಗೆ ಕೂತಿತ್ತು.”

ಶುಭಾ ಪೊದೆಯತ್ತ ತಿರುಗಿದಳು, ಮತ್ತೆ ನನ್ನ ಮುಖ ನೋಡಿದಳು. “ಈಗ ಕೂಗ್ತಿದೆ. ಕೇಳಿಸ್ತಿದೆಯಾ?”

ದೂರದ ಲಾರಿ ಕೇಳುತ್ತಿತ್ತು. ಗುಂಪಿನವರ ಮಾತು ಕೇಳುತ್ತಿತ್ತು. ಎಲ್ಲೋ ಒಂದು ಕೋಗಿಲೆಯೂ ಕೇಳುತ್ತಿತ್ತು. ತಲೆಯಾಡಿಸಿದೆ, ಇಲ್ಲ ಎಂದು.

“ವಯಸ್ಸಾಗ್ತಾ ಮೊದಲು ಹೋಗೋದು ಈ ಸಣ್ಣ, ಕೀರಲು ದನಿಗಳೇ ಆಂಟಿ. ಮಾತು, ಹಾರ್ನು ಕೇಳಿಸ್ತಿರತ್ತಲ್ಲ, ಅದಕ್ಕೇ ಗೊತ್ತಾಗಲ್ಲ. ನಮ್ಮ ಗುಂಪಲ್ಲೇ ಇನ್ನಿಬ್ರಿಗೆ ಹಿಂಗಾಗಿದೆ.” ಅವಳ ದನಿ ತಗ್ಗಿತ್ತು. ಆಮೇಲೆ ತಾನೇ ನಕ್ಕು, “ಪಾಪ, ನಮ್ಮೂರು ಮಾಡದ ತಪ್ಪಿಗೆ ಬೈಸ್ಕೊಳ್ತಿತ್ತು” ಎಂದಳು.

ಜಯನಗರದಲ್ಲಿ ಕಿವಿ ಪರೀಕ್ಷೆ ಮಾಡಿದವರೂ ಅದನ್ನೇ ಹೇಳಿದರು. ಇವರು ಆಟೋದಲ್ಲಿ ನನ್ನ ಕೈ ಹಿಡಿದು, “ಬೆಂಗಳೂರಿನ ಮೇಲೆ ನೀನು ಹಾಕಿದ್ದ ಕೇಸು ವಜಾ ಆಯ್ತಲ್ಲೇ” ಎಂದರು. ನಕ್ಕೆ. ಆದರೆ ಒಳಗೊಂದು ಪ್ರಶ್ನೆ ಕೊರೆಯುತ್ತಿತ್ತು. ಬಳ್ಳಾರಿಯ ಕೊನೆಯ ವರ್ಷಗಳಲ್ಲಿ ಸೂರಕ್ಕಿ ನಿಜವಾಗಿ ಕೇಳುತ್ತಿತ್ತೆ, ಅಥವಾ ಅದರ ಕೊಕ್ಕು ನೋಡಿ ನಾನೇ ದನಿ ತುಂಬಿಕೊಳ್ಳುತ್ತಿದ್ದೆನೆ?

ಕಿವಿಗೆ ಯಂತ್ರ ಬಂದ ಮರುದಿನ ಕಿಟಕಿ ತೆರೆದೆ. ಗಸಗಸೆ ಮರದಿಂದ ಟಿಕ್, ಟಿಕ್, ಟಿಕ್. ಸ್ಟೀಲ್ ತಟ್ಟೆಯ ಮೇಲೆ ಯಾರೋ ಗುಂಡುಪಿನ್ನು ಉದುರಿಸುತ್ತಿರುವಂತೆ. ಅದು ಬದನಿಕೆ ಹಕ್ಕಿ ಎಂದು ಶುಭಾ ಹೇಳಿದಳು. ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಎಷ್ಟೊಂದು ಮಾತಿನ ಮರ! ಈ ಊರಿನ ಬಗ್ಗೆ ಇನ್ನೇನೇನು ತಪ್ಪು ತಿಳಿದಿರಬಹುದು ಎಂಬ ಕುತೂಹಲ ಹುಟ್ಟಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಇವರಿಗೆ, “ಇಲ್ಲೇ ಇರೋಣ” ಎಂದೆ.

ಅಕ್ಕನಿಗೆ ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕಳೆದ ತಿಂಗಳು ಬಳ್ಳಾರಿಗೇ ಹೋದೆ. ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಾಗ ಹೇಳಿದೆ. ಅಕ್ಕ ನನ್ನತ್ತ ತಿರುಗಿದಳು.

“ಹಕ್ಕಿ ಕೂಗಲ್ಲ ಅಂತ ಬರ್ತೀನಂದಿ. ಈಗ ಕೂಗ್ತದೆ ಅಂತ ಬರಲ್ಲ ಅಂತೀಯ. ನಾನು ಯಾವ ಲೆಕ್ಕಕ್ಕೇ?”

ಅಷ್ಟರಲ್ಲಿ ದಾಸವಾಳಕ್ಕೆ ಸೂರಕ್ಕಿ ಬಂತು. ಯಂತ್ರ ಒಳಗೆ ಕೋಣೆಯಲ್ಲಿತ್ತು. ಕೊಕ್ಕು ತೆರೆಯುವುದು, ಮುಚ್ಚುವುದು ಕಂಡಿತು, ದನಿಯಿಲ್ಲ.

“ಕೂಗ್ತಿದೆಯೇನೇ ಅಕ್ಕಾ?”

“ತಲೆ ತಿನ್ನಂಗೆ ಕೂಗ್ತದೆ. ನಿನಗೆ ಇಷ್ಟೂ ಕೇಳಂಗಿಲ್ಲೇನೇ?” ಎಂದು ಅಕ್ಕ ಚಹಾದ ಲೋಟ ಕೆಳಗಿಟ್ಟಳು. ನನ್ನ ಅಂಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಹಕ್ಕಿ ಕೂಗಿದಾಗಲೆಲ್ಲ ತೋರುಬೆರಳಿನಿಂದ ತಟ್ಟತೊಡಗಿದಳು. ಒಮ್ಮೆ ಬೇಗ ಬೇಗ, ಒಮ್ಮೆ ತಡೆದು. ಒಳಗೆ ಹೋಗಿ ಯಂತ್ರ ಹಾಕಿಕೊಂಡು ಬರಬಹುದಿತ್ತು. ಹೋಗಲಿಲ್ಲ.